ಎಡತೋಳಿನ ಮಸಿ

ಇಸ್ತ್ರಿಯವನಿಗೆ ಈ ಜನ್ಮದಲ್ಲಿ ತಿಳಿಯಬೇಕಾಗಿದ್ದ ಸಂಗತಿಗಳು ಎರಡೇ ಎರಡು. ಬಾನಬಂಟನ ಚಿತ್ರ ಬಿಡಿಸಿದವರು ಯಾರು? ಬಾನಬಂಟ ಬಿದ್ದನೋ, ಉಳಿದನೋ? ಮಿಕ್ಕಿದ್ದೇನೂ ಗೊತ್ತಾಗದಿದ್ದರೂ ನಡೆಯುತ್ತಿತ್ತು.

ಬಾನಬಂಟ ಅಂದರೆ ಬೆನ್ನಿಗೆ ಹಸಿರು ಹೊದಿಕೆ ಕಟ್ಟಿಕೊಂಡು ಊರ ಮೇಲೆ ಹಾರುತ್ತಿದ್ದ ವೀರ, ತಿಂಗಳಿಗೊಂದು ಕಾಮಿಕ್ಸ್. ಹನ್ನೆರಡನೇ ವಯಸ್ಸಿನಲ್ಲಿ ಮೊದಲ ಸಂಚಿಕೆ ಇಸ್ತ್ರಿಯವನ ಕೈಗೆ ಸಿಕ್ಕಿತು, ಅಲ್ಲಿಗೆ ಅವನ ಕಥೆ ಮುಗಿಯಿತು. ನೂರಹನ್ನೆರಡನೇ ಸಂಚಿಕೆಯ ಕೊನೆಯ ಪುಟದಲ್ಲಿ ಶಕ್ತಿಯೆಲ್ಲ ಉಡುಗಿದ ಬಾನಬಂಟ ಗೋಪುರದ ಗಡಿಯಾರದ ಮುಳ್ಳಿಗೆ ಒಂದೇ ಕೈಯಲ್ಲಿ ಜೋತುಬಿದ್ದಿದ್ದ. ನೂರಹದಿಮೂರನೆಯದು ಬರಲೇ ಇಲ್ಲ. ಪ್ರಕಾಶಕರು ಬಾಗಿಲು ಹಾಕಿದರು. ಆ ಪುಣ್ಯಾತ್ಮರು ಒಂದೇ ಒಂದು ಸಂಚಿಕೆಯಲ್ಲೂ ಚಿತ್ರಕಾರರ ಹೆಸರು ಹಾಕಿರಲಿಲ್ಲ. ಇದಾಗಿ ಇಪ್ಪತ್ತೆಂಟು ವರ್ಷ.

ಆದರೆ ಹುಚ್ಚು ಇಳಿಯಬೇಕಲ್ಲ! ಹಳೇ ಪುಸ್ತಕದ ಅಂಗಡಿ, ರದ್ದಿ ಅಂಗಡಿ ಎಲ್ಲ ಜಾಲಾಡಿ ನೂರಹನ್ನೆರಡನ್ನೂ ಗುಡ್ಡೆ ಹಾಕಿದ. ಸುಕ್ಕಾದ ಪುಟವನ್ನು ಎರಡು ಬಿಳಿ ಬಟ್ಟೆಗಳ ನಡುವೆ ಇಟ್ಟು, ಇಸ್ತ್ರಿಪೆಟ್ಟಿಗೆ ಆರುತ್ತ ಬಂದಾಗ ಉಸಿರು ಬಿಗಿಹಿಡಿದು ಒಂದೇ ಸಲ ಒತ್ತುತ್ತಿದ್ದ. ತಾನೂ ಅಂಥ ಚಿತ್ರ ಬಿಡಿಸಲು ಹೆಣಗಿದ. ಮುಖ ಬಂತು, ಮುಷ್ಟಿ ಬಂತು, ಆ ಹೊದಿಕೆಯ ಮಡಿಕೆ ಮಾತ್ರ ಬರಲಿಲ್ಲ. ಗೆರೆ ದಪ್ಪಗೆ ಶುರುವಾಗಿ, ಕೂದಲೆಳೆಯಷ್ಟು ತೆಳುವಾಗಿ, ಇನ್ನೇನು ಮುಗಿಯಿತು ಅನ್ನುವಾಗ ಗಾಳದ ಹಾಗೆ ಹಿಂದಕ್ಕೆ ಕೊಂಕುತ್ತಿತ್ತು. ಆ ಕೊಂಕು ಅವನ ಕೈಗೆ ಒಲಿಯಲೇ ಇಲ್ಲ.

“ನಿಮ್ಮ ಬಾನಬಂಟ ಬಂದು ಒಂದು ಬಕೆಟ್ ನೀರು ಎತ್ತಿಕೊಡ್ತಾನಾ?” ಎಂದು ಹೆಂಡತಿ ಹಂಗಿಸುತ್ತಿದ್ದಳು. ಅಂಗಡಿಯ ಮುಂಭಾಗ ಅವಳದು: ಬಟ್ಟೆ ತೆಗೆದುಕೊಳ್ಳುವುದು, ಹಿಂದಿನ ನಲ್ಲಿಯಲ್ಲಿ ಒಗೆಯುವುದು, ಗಿರಾಕಿಗಳನ್ನು ಬೈಯುವುದು. ಪರದೆಯ ಹಿಂದೆ ಇಸ್ತ್ರಿ ಮೇಜು ಇವನದು. ಅವಳ ಬೈಗುಳ ಹೆಚ್ಚಾಗಿ ಬೀಳುತ್ತಿದ್ದದ್ದು ಪಕ್ಕದ ಬೀದಿಯ ವಯಸ್ಸಾದ ಹೆಂಗಸೊಬ್ಬರಿಗೆ. ಹದಿನೈದು ವರ್ಷದಿಂದ ವಾರವಾರವೂ ತಾವು ತೊಡುವ ಬಿಳಿ ಶರ್ಟು ತರುತ್ತಿದ್ದರು, ಪ್ರತಿಯೊಂದರ ಎಡತೋಳಿನ ತುದಿಯಲ್ಲೂ ಕರೀ ಮಸಿ. ಹೆಂಡತಿ ಅವರಿಗೆ ಮಸಿಯಮ್ಮ ಅಂತಲೇ ಹೆಸರಿಟ್ಟಿದ್ದಳು. ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ಕೇಳುತ್ತಿದ್ದಳು: “ಅಮ್ಮಾ, ತೊಳೆಯೋರೂ ಮನುಷ್ಯರಲ್ವಾ?” ಮಸಿಯಮ್ಮ ನಗುತ್ತಿದ್ದರು, ಮುಂದಿನ ವಾರ ಮತ್ತೆ ಮಸಿ. ಇಸ್ತ್ರಿಯವನ ಮೇಜಿಗೆ ಬರುವಷ್ಟರಲ್ಲಿ ಆ ಶರ್ಟುಗಳು ಹಾಲಿನಷ್ಟು ಬೆಳ್ಳಗಿರುತ್ತಿದ್ದವು.

ಹೋದ ತಿಂಗಳು ಹೆಂಡತಿ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡಳು. “ಈ ವಾರ ನೀವೇ ಉಜ್ಜಿ, ಗೊತ್ತಾಗ್ಲಿ” ಎಂದು ಮಸಿಯಮ್ಮನ ಶರ್ಟನ್ನು ಗಂಡನ ಕಡೆ ಎಸೆದಳು.

ಇಸ್ತ್ರಿಯವನು ಕಲ್ಲಿನ ಮೇಲೆ ತೋಳು ಹರಡಿ ಸೋಪು ಹಚ್ಚಲು ಹೋದವನು ಹಾಗೇ ನಿಂತುಬಿಟ್ಟ. ಅದು ಚೆಲ್ಲಿದ ಮಸಿಯಲ್ಲ. ಕುಂಚದ ಮೊನೆ ಸರಿಯಿದೆಯಾ ಎಂದು ಎಳೆದು ನೋಡಿದ ಗೆರೆಗಳು, ಹತ್ತಿಪ್ಪತ್ತು. ದಪ್ಪಗೆ ಶುರುವಾಗಿ, ಕೂದಲೆಳೆಯಾಗಿ, ತುದಿಯಲ್ಲಿ ಹಿಂದಕ್ಕೆ ಕೊಂಕು.

ಅಯ್ಯೋ ದೇವರೇ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದನಲ್ಲ! ಹದಿನೈದು ವರ್ಷ ಆ ಗೆರೆಗಳು ಇದೇ ಕಲ್ಲಿನ ಮೇಲೆ, ಇದೇ ಮೋರಿಗೆ ಹರಿದು ಹೋಗಿದ್ದವು. ಇನ್ನೊಂದು ಯೋಚನೆ ಬಂದಾಗಂತೂ ಅವನಿಗೆ ಕಾಲೇ ನಿಲ್ಲಲಿಲ್ಲ. ಮಸಿ ಈ ವಾರದ್ದೇ ಆಗಿತ್ತು. ಅಂದರೆ ಆ ಕೈ ಇನ್ನೂ ಚಿತ್ರ ಬಿಡಿಸುತ್ತಿದೆ.

ಒದ್ದೆ ಕಾಲಲ್ಲೇ ಶರ್ಟು ಹಿಡಿದು ಓಡಿದ. ಬಾಗಿಲು ತೆಗೆದ ಮಸಿಯಮ್ಮ ಶರ್ಟು ನೋಡಿ ಗಾಬರಿಯಾದರು. “ಮಸಿ ಹೋಗ್ಲಿಲ್ವಾ? ನಿಮ್ಮನೆಯವರು ತುಂಬಾ ಬೈದ್ರಾ?”

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. “ಅಮ್ಮಾ, ಬಾನಬಂಟ ಬಿದ್ದನಾ?” ಅಂದ. ಅಷ್ಟೇ.

ಮಸಿಯಮ್ಮ ಬಾಗಿಲನ್ನು ಪೂರ್ತಿ ತೆರೆದರು. “ಒಳಗೆ ಬನ್ನಿ. ಕೈ ಒರೆಸ್ಕೊಳ್ಳಿ” ಅಂದರು.

ಕಿಟಕಿಯ ಪಕ್ಕ ಓರೆ ಮೇಜು, ಬಾಟಲಿಯಲ್ಲಿ ಮಸಿ, ಲೋಟದ ತುಂಬ ಕುಂಚಗಳು. ಬೀರುವಿನ ಮೇಲಿಂದ ಅವರು ಒಂದು ರಟ್ಟಿನ ಕಟ್ಟು ಇಳಿಸಿದರು. “ಕಂಪನಿಯವರು ಬಾಗಿಲು ಹಾಕಿದ್ರು, ಸರಿ. ಹಾಗಂತ ಅವನನ್ನ ಅಲ್ಲೇ ನೇತಾಕಿ ನಾನು ನೆಮ್ಮದಿಯಾಗಿ ಮಲಗೋಕಾಗುತ್ತಾ? ಯಾರು ಎತ್ತಬೇಕು ಅನ್ನೋದು ಮಾತ್ರ ವರ್ಷಗಟ್ಟಲೆ ಹೊಳೀಲಿಲ್ಲ. ಬರೆದೆ, ಹರಿದೆ. ಬರೆದೆ, ಹರಿದೆ.”

ಹಾಳೆಗಳು ಅಷ್ಟು ದೊಡ್ಡದಾಗಿರುತ್ತವೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಪುಸ್ತಕದಲ್ಲಿ ಬೆರಳುದ್ದ ಇದ್ದ ಗೋಪುರ ಇಲ್ಲಿ ಮೊಳದುದ್ದ. ಮಸಿಯ ಕೆಳಗೆ ಪೆನ್ಸಿಲ್ ಗೆರೆ, ತಪ್ಪಿದ ಕಡೆ ಬಿಳಿ ಬಣ್ಣದ ತೇಪೆ. ಒಬ್ಬರೇ ಕೂತು ಕೈಯಾರೆ ಮಾಡಿದ್ದು! ಅವನ ಕಣ್ಣಲ್ಲಿ ನೀರು ಬಂತು. ಹಾಳೆಯ ಮೇಲೆ ಬಿದ್ದೀತೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ.

ಗಡಿಯಾರದ ಮುಳ್ಳು ಜಾರುತ್ತಿತ್ತು. ಬಾನಬಂಟನ ಬೆರಳು ಒಂದೊಂದಾಗಿ ಬಿಡುತ್ತಿತ್ತು. ಆಗ ಗೋಪುರದ ಕಿಟಕಿಯಿಂದ ಬಟ್ಟೆ ಒಣಹಾಕುವ ಹಗ್ಗವೊಂದು ಕೆಳಗಿಳಿದು, ಅವನ ಮುಂಗೈಗೆ ಸುತ್ತಿಕೊಂಡಿತು. ಮುಂದಿನ ಚೌಕದಲ್ಲಿ ಒಬ್ಬ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಅವನನ್ನು ನೆನೆದ ಕಂಬಳಿ ಎಳೆಯುವ ಹಾಗೆ ಎಳೆದು ಒಳಗೆ ಹಾಕಿಕೊಂಡಳು. ಅದರ ಮುಂದಿನ ಚೌಕದಲ್ಲಿ ಸೊಂಟದ ಮೇಲೆ ಕೈಯಿಟ್ಟು, ಅವನ ಹರಿದ ಹೊದಿಕೆಯನ್ನು ನೋಡುತ್ತ ಕೇಳಿದಳು: “ಇಷ್ಟು ಕೊಳೆ ಮಾಡ್ಕೊಂಡಿದ್ದೀಯಲ್ಲ, ತೊಳೆಯೋರೂ ಮನುಷ್ಯರಲ್ವಾ?”

ಆ ಮುಖ, ಆ ಹುಬ್ಬು, ಮೂಗಿನ ತುದಿಯ ಆ ಸಿಟ್ಟು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಗುರುತು ಸಿಗದೆ ಇರುತ್ತದೆಯೇ? ಮಸಿಯಮ್ಮ ಮೆಲ್ಲಗೆ ಅಂದರು: “ಅವರಿಗೆ ಹೇಳ್ಬೇಡಿ, ಮತ್ತೆ ಬೈತಾರೆ.”

ಅವನು ಶರ್ಟು ಬಗಲಲ್ಲಿಟ್ಟುಕೊಂಡು ವಾಪಸು ಬಂದ. ಹೆಂಡತಿ ಅಂಗಡಿಯ ಮುಂದೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

“ಎಲ್ಲಿ ಹಾಳಾಗಿ ಹೋಗಿದ್ರಿ? ಮಸಿ ಹೋಯ್ತಾ?”

“ಎತ್ತಿದ್ದು ನೀನೇ ಕಣೇ” ಅಂದ.

“ಏನನ್ನ ಎತ್ತಿದ್ದು? ಈ ಕೈಯಲ್ಲಿ ಬಕೆಟ್ಟೂ ಎತ್ತೋಕಾಗ್ತಿಲ್ಲ ನಂಗೆ.”

ಅವನು ಅವಳ ಊದಿದ ಮಣಿಕಟ್ಟನ್ನು ನೋಡಿದ. ಆಮೇಲೆ ತಾನೇ ಹೋಗಿ ಬಕೆಟ್ ಎತ್ತಿ ತಂದಿಟ್ಟ.