ಗುರುಪಾದಣ್ಣ ಬಂದ್ ಇಟ್ಟಿದ್ದ ಪೆಟ್ಟಿಗೆ

ಹೂರಣ ರುಬ್ಬುತ್ತಿದ್ದೆ. ಮಿಲ್ಲಿನಿಂದ ನಮ್ಮ ಮನೆಯವರ ಫೋನ್ ಬಂತು. "ಕೆಪಾಸಿಟರ್ ಪೆಟಗಿ ಒಡೀತು. ಗುರುಪಾದನ್ನ ಹುಬ್ಬಳ್ಳಿ ದವಾಖಾನಿಗೆ ಒಯ್ಯಾಕತ್ತಾರ. ಹೋಳಿಗಿ ಬ್ಯಾಡ." ಒಡೆಯುವಾಗ ನಮ್ಮ ಮನೆಯವರು ಕಾಯಿ ತರಲು ಹೊರಗೆ ಹೋಗಿದ್ದರಂತೆ. ದೇವರು ದೊಡ್ಡವನು ಎಂದು ಮೊದಲು ಕೈಮುಗಿದೆ. ಗುರುಪಾದಣ್ಣನ ನೆನಪಾದದ್ದು ಆಮೇಲೆ. ಅದಕ್ಕೆ ಇಂದಿಗೂ ನಾಚಿಕೆ.

ಆಡೂರಿನ ಗುರುಪಾದಣ್ಣ ಅಕ್ಕಿಆಲೂರಿನ ಅಕ್ಕಿ ಮಿಲ್ಲಿಗೆ ಎಲೆಕ್ಟ್ರಿಶಿಯನ್; ನಮ್ಮ ಮನೆಯವರು ಅಲ್ಲಿ ಮ್ಯಾನೇಜರ್. ಮಗುವಿನ ಜ್ವರ ನೋಡುವಂತೆ ಮೋಟಾರಿನ ಮೈಗೆ ಹಿಂಗೈ ಇಟ್ಟು ನೋಡುತ್ತಿದ್ದ. ಚಹಾದ ಕಪ್ಪಿಗೂ ಹಾಗೆಯೇ. "ಅಕ್ಕಾರ, ಇದು ಓವರ್‌ಲೋಡ್ ಆಗೈತ್ರಿ, ತುಸು ತಡೀತೇನಿ" ಎನ್ನುತ್ತಿದ್ದ.

ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವುಗಳನ್ನು ಮಿಲ್ಲಿಗೆ ಹಾಕಿದ ಮೇಲೆ ಅವನ ನಗೆಚಾಟಿಕೆ ಕಡಿಮೆಯಾಯಿತು. ಕೇಬಲ್ಲುಗಳು ಬಿಸಿಯಾಗುತ್ತಿದ್ದವು, ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿತ್ತು. ಒಮ್ಮೆ ನಾನು ಅಕ್ಕಿ ಆರಿಸುವಾಗ ಬಂದು ಮೊರದ ಮುಂದೆ ಕುಳಿತ.

"ಡ್ರೈವು ಕರೆಂಟನ್ನ ಒಂದ ಸಮ ಕುಡಿಯಂಗಿಲ್ರಿ, ಗುಟುಕು ಗುಟುಕು ನುಂಗತೈತಿ. ಅದರಿಂದ ಲೈನಿನ್ಯಾಗ ಹಾರ್ಮೋನಿಕ್ಸ್ ಅನ್ನೂ ಕಸ ಏಳತೈತಿ."

"ಕಸ ಆದ್ರ ಸೋಸಪಾ."

"ಹೆಂಗ ಸೋಸೂದು ಅನ್ನೂದ ಜಗಳ್ರಿ. ಚೋಕ್ ಅನ್ನೂ ತಂತಿ ಸುರುಳಿ ಹಾಕಿದ್ರ ಗುಟುಕು ಮೆತ್ತಗ ಆಕ್ಕೈತಿ, ಆದ್ರ ಕಸ ಪೂರಾ ಹೋಗಂಗಿಲ್ಲ. ಸಾದಾ ಫಿಲ್ಟರ್ ನಿಮ್ಮ ಜರಡಿ ಇದ್ದಂಗ, ಒಂದ ಅಳತಿ ಕಲ್ಲಿಗೆ ಮಾಡಿದ್ದು. ನಮ್ಮಲ್ಲಿ ತಾಸಿಗೊಂದ ನಮೂನಿ ಲೋಡು, ಅದು ಸಾಲಂಗಿಲ್ಲ. ಆಕ್ಟಿವ್ ಫಿಲ್ಟರ್ ನಿಮ್ಮ ಕಣ್ಣು ಇದ್ದಂಗ. ಬಂದ ಕಸ ನೋಡಿ, ಅದಕ್ಕ ಉಲ್ಟಾ ಕರೆಂಟ್ ಬಿಟ್ಟು ಅಳಸತೈತಿ. ನಮಗ ಅದ ಬೇಕ್ರಿ. ಅದು ಬರೂತನಕ ಬಿಲ್ ಉಳಸೂ ಕೆಪಾಸಿಟರ್ ಪೆಟಗಿ ಬಂದ್. ಅದು ಕಸ ನುಂಗಿ ನುಂಗಿ ಹೊಟ್ಟಿ ಉಬ್ಬಿ ಒಡೀತೈತಿ."

ಮಾಲೀಕರು ಒಪ್ಪಿ ಆರ್ಡರ್ ಕೊಟ್ಟರು. ಫಿಲ್ಟರ್ ಬರುವ ಮೊದಲೇ ಹೊಸ ಪಾಲಿಶ್ ಯಂತ್ರದ ಪೂಜೆ ಬಂತು. ಎಲ್ಲ ಪೆಟ್ಟಿಗೆಗಳಿಗೂ ನಾನೇ ವಿಭೂತಿ, ಕುಂಕುಮ ಹಚ್ಚಿದೆ. ಕೆಪಾಸಿಟರ್ ಪೆಟ್ಟಿಗೆಯ ದೀಪವೊಂದೇ ಆರಿತ್ತು. ಪೂಜೆಯ ಹೊತ್ತಿಗೆ ಅದು ಸತ್ತಂತೆ ನಿಂತಿರುವುದು ನನಗೆ ಅಪಶಕುನವಾಗಿ ಕಂಡಿತು.

"ಮಂಗಳಾರತಿ ಆಗೂತನಕ ಅದನ್ನೂ ಹಾಕಪಾ."

"ಬ್ಯಾಡ್ರಿ ಅಕ್ಕಾರ."

"ದೇವರ ಮುಂದ ನಿನ್ನ ಕಸ ಏನ್ ಮಾಡತೈತಿ? ಒಂದ ದಿನ ನನ್ನ ಮಾತು ಕೇಳ."

ಅವನು ಸ್ವಿಚ್ ಹಾಕಿದ. "ಆರತಿ ಮುಗದ ಕೂಡಲೇ ತೆಗೀತೇನಿ. ಇಲ್ಲಿ ಯಾರೂ ನಿಂದರಬ್ಯಾಡ್ರಿ" ಎಂದು ಎಲ್ಲರನ್ನೂ ದೂರ ಕಳಿಸಿ ತಾನು ಮಾತ್ರ ಅಲ್ಲೇ ನಿಂತ. ನಾನು ಹೋಳಿಗೆಗೆಂದು ಮನೆಗೆ ಬಂದೆ. ಮಾಲೀಕರ ಬೀಗರು ಬರುವುದು ತಡವಾಯಿತು, ಆರತಿಯೂ ತಡವಾಯಿತು, ಪೆಟ್ಟಿಗೆ ಚಾಲೂ ಇದ್ದೇ ಇತ್ತು. ಆ ಫೋನ್ ಬಂದದ್ದು ಆಗಲೇ.

ಮರುದಿನ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆ. ಗುರುಪಾದಣ್ಣನ ಕೈಗೆ, ಮುಖಕ್ಕೆ ಬ್ಯಾಂಡೇಜು ಸುತ್ತಿದ್ದರು.

"ಫಿಲ್ಟರ್ ಬಂತೇನ್ರಿ?"

"ಇನ್ನೂ ಇಲ್ಲ. ಗುರುಪಾದಣ್ಣ, ಹಾಕು ಅಂದಾಕಿ ನಾನು."

"ನೀವು ಅಂದ್ರಿ, ನಾ ಹಾಕಿದೆ. ಗುರುಪಾದ ತಿಳೀಲಾರದ ಹಾಕಿದ ಅಂತ ಮಂದಿ ಅನ್ನಬಾರದ್ರಿ, ಅಷ್ಟ."

ಕ್ಷಮಿಸಿದೆಯಾ ಎಂದು ಕೇಳಲು ಧೈರ್ಯ ಬರಲಿಲ್ಲ. ಮೂರನೆಯ ದಿನ ಹೋಗಿಬಿಟ್ಟ. ನೋವು ಬಹಳ ದಿನ ಉಣ್ಣಲಿಲ್ಲ, ಹೆಂಡತಿ ಶಾಂತವ್ವ ಪಕ್ಕದಲ್ಲಿದ್ದಳು, ಬೇರೆ ಯಾರಿಗೂ ಗಾಯವಾಗಲಿಲ್ಲ. ದೇವರ ಮುಂದೆ ಕುಳಿತು, ಅವನ ದಯೆ ಎಂದು ಇಷ್ಟನ್ನು ಎಣಿಸುತ್ತೇನೆ. ಮುಂದೆ ಎಣಿಸಲು ಏನೂ ಸಿಗುವುದಿಲ್ಲ.

ಆಡೂರಿನಲ್ಲಿ ಮಣ್ಣು ಕೊಡುವ ಹೊತ್ತಿಗೆ ಮಿಲ್ಲಿನವನೊಬ್ಬ, "ಬಂದ್ ಇಡ್ರಿ ಅಂತ ಊರಿಗೆಲ್ಲಾ ಹೇಳಿ ತಾನ ಹಾಕ್ಯಾನ ನೋಡ್ರಿ, ತಿಳುವಳಿಕಿ ಇಷ್ಟ" ಎಂದ. ಮನೆಯವರು ನನ್ನ ಕೈ ಹಿಡಿದು ಜಗ್ಗಿದರು. ಬಿಡಿಸಿಕೊಂಡೆ.

"ಅಂವ ಬ್ಯಾಡ ಅಂದಿದ್ದ. ಹಟ ಹಿಡದ ಹಾಕಿಸಿದಾಕಿ ನಾನು" ಎಂದೆ, ಎಲ್ಲರಿಗೂ ಕೇಳುವಂತೆ.

ಶಾಂತವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ಆಚೆ ಮುಖ ಮಾಡಿ ಕುಳಿತಳು.

ಮನೆಗೆ ಬಂದು ಸ್ನಾನ ಮಾಡಿದೆ. ನಳಕ್ಕೆ ನೀರು ಬಂದಿತ್ತು. ನಿಲ್ಲುವ ಮೊದಲು ತುಂಬಬೇಕು ಎಂದು ಕೊಡ ತಿಕ್ಕತೊಡಗಿದೆ.