ಭಾವ ‘ಖಾಲಿ’ ಎಂದು ಬರೆದ ಜಾಗ

ನಮ್ಮ ಭಾವನವರ, ಅಂದರೆ ಅಕ್ಕನ ಯಜಮಾನರ, ಕೆಲಸವೇನೆಂದು ನೆಂಟರಿಗೆ ವಿವರಿಸುವ ಹೊಣೆ ಇಪ್ಪತ್ತೆರಡು ವರ್ಷಗಳಿಂದ ನನ್ನದೇ. ಅವರನ್ನೇ ಕೇಳಿದರೆ ಊಟ ಆರಿಹೋಗುತ್ತದೆ. ಯಂತ್ರಗಳು ನೆಟ್‌ವರ್ಕಿನಲ್ಲಿ ಬರೀ ಅಂಕಿಗಳಲ್ಲಿ ಮಾತಾಡಿಕೊಳ್ಳುತ್ತವೆ. ಒಂದೊಂದು ಕಂಪನಿಯ ಯಂತ್ರಕ್ಕೂ ಒಂದೊಂದು ಭಾಷೆ, ಅದಕ್ಕೆ ಪ್ರೊಟೊಕಾಲ್ ಎಂದು ಹೆಸರು. ಭಾವ ಬರೆಯುವ ಪ್ರೋಗ್ರಾಮು ಆ ಮಾತನ್ನು ನಡುದಾರಿಯಲ್ಲಿ ಕೇಳಿಸಿಕೊಂಡು, ಈ ಅಂಕಿ ಉಷ್ಣತೆ, ಈ ಅಂಕಿ ಬಾಗಿಲು ಎಂದು ಬಿಡಿಸಿ ಪರದೆಯ ಮೇಲೆ ತೋರಿಸುತ್ತದೆ.

“ಅಂದ್ರೆ ಕದ್ದು ಕೇಳೋದು ಅನ್ನು,” ಎಂದು ಚಿಕ್ಕಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. ಅಂದಿನಿಂದ ಅವರು ನಮ್ಮ ಮನೆಮಂದಿಗೆಲ್ಲ ಕಳ್ಳಗಿವಿ ಭಾವ.

ಈ ವಿದ್ಯೆಯಲ್ಲಿ ಅರ್ಧಕ್ಕರ್ಧ ಊಹೆ. ಯಂತ್ರ ಮಾಡಿದವರು ಗುಟ್ಟು ಬಿಟ್ಟುಕೊಡುವುದಿಲ್ಲ. ಸಾವಿರಾರು ಸಂದೇಶಗಳನ್ನು ಎದುರಿಗಿಟ್ಟುಕೊಂಡು, ಯಾವ ಅಂಕಿ ಯಾವಾಗ ಬದಲಾಗುತ್ತದೆಂದು ನೋಡಿ ನೋಡಿ ಅರ್ಥ ಕಟ್ಟಬೇಕು. ಹೀಗೆ ನೋಡಿ ನೋಡಿಯೇ ಭಾವನವರ ಕನ್ನಡಕ ದಪ್ಪಗಾಯಿತು, ಬೆನ್ನು ಕುರ್ಚಿಯ ಆಕಾರಕ್ಕೆ ಬಂತು. ಇದನ್ನೆಲ್ಲ ಮೆಚ್ಚಿ ಕಚೇರಿ ಒಂದು ಸೋಮವಾರ ಅವರಿಗೆ ‘ಪ್ರಧಾನ ತಜ್ಞ’ ಎಂಬ ಬಿರುದು ಕೊಡುವುದಿತ್ತು. ಜೊತೆಗೆ ಬಾಗಿಲಿಗೆ ಹೆಸರಿನ ಹಲಗೆ.

“ಹಲಗೆ ಹಾಕೋಕೆ ಬಾಗಿಲೆಲ್ಲಿದೆ? ಕೂರೋದು ಹಾಲ್‌ನಲ್ಲಿ,” ಎಂದಳು ಅಕ್ಕ. ಆದರೂ ಹೊಸ ಅಂಗಿಗೆ ಇಸ್ತ್ರಿಯಾಗಿತ್ತು.

ಅದರ ಹಿಂದಿನ ಗುರುವಾರ, ಭಾವನವರ ಪ್ರೋಗ್ರಾಮು ಬಳಸುವ ಒಂದು ಔಷಧದ ಕೋಲ್ಡ್ ಸ್ಟೋರೇಜಿನಿಂದ ತಕರಾರು ಬಂತು. ಒಂದು ಕೋಣೆಯಲ್ಲಿ ಫ್ಯಾನು ನಿಂತು ಮೂಲೆಯ ಔಷಧವೆಲ್ಲ ಹಾಳಾಗಿತ್ತು. ಉಷ್ಣಮಾಪಕ ತಂಪಿನ ಕೊಳವೆಯ ಪಕ್ಕದಲ್ಲೇ ಇದ್ದದ್ದರಿಂದ ಅದೊಂದು ಮಾತ್ರ ತಣ್ಣಗಿತ್ತು. ಅಲ್ಲಿನ ಉಗ್ರಾಣ ನೋಡಿಕೊಳ್ಳುವ ಹೆಂಗಸು ಯಂತ್ರದ ಮೇಲೆ ಕೆಂಪು ದೀಪ ಕಂಡ ಕೂಡಲೇ ತಮ್ಮ ಕಚೇರಿಗೆ ಫೋನ್ ಮಾಡಿದೆನೆಂದರು. ಪರದೆಯಲ್ಲಿ ಏನೂ ಬಂದಿಲ್ಲ, ಆಕೆ ಹೇಳುವ ಕೆಂಪು ದೀಪ ಸುಳ್ಳು ಎಂದಿತು ಆ ಕಚೇರಿ. ಪರದೆಯ ದಾಖಲೆ ಖಚಿತವೆಂದು ಭಾವ ಸಹಿ ಹಾಕಿದರೆ ಆಕೆಯ ಹದಿನಾಲ್ಕು ವರ್ಷದ ಕೆಲಸಕ್ಕೆ ಕುತ್ತು.

ಸಹಿಗೆ ಮುಂಚೆ ಭಾವ ಬಿಡಿಸದ ಮೂಲ ಅಂಕಿಗಳನ್ನೇ ತೆಗೆದು ನೋಡಿದರು. ಹನ್ನೊಂದನೆಯ ಜಾಗದಲ್ಲಿ ಏಳು ಕೂತಿತ್ತು.

ಆ ಯಂತ್ರದ ಭಾಷೆ ಬಿಡಿಸಿದವರು ಇವರೇ, ಆರು ವರ್ಷದ ಹಿಂದೆ. ಆಗ ಫ್ಯಾನುಗಳೆಲ್ಲ ಹೊಸವು, ಒಂದೂ ಕೆಟ್ಟಿರಲಿಲ್ಲ. ನಲವತ್ತು ಸಾವಿರ ಸಂದೇಶ ನೋಡಿದರೂ ಅಲ್ಲಿ ಸೊನ್ನೆಯೇ. ಸರಿ, ‘ಖಾಲಿ, ಬಿಟ್ಟುಬಿಡಿ’ ಎಂದು ಬರೆದು, ಅದು ಪರದೆಗೆ ಬಾರದಂತೆ ಮಾಡಿ ಮನೆಗೆ ಬಂದಿದ್ದರು. ಈಗ ಆಕೆ ಫೋನ್ ಮಾಡುವುದಕ್ಕೆ ಎರಡೇ ನಿಮಿಷ ಮುಂಚೆ ಆ ಸೊನ್ನೆ ಏಳಾಗಿತ್ತು; ಫ್ಯಾನು ಕೆಟ್ಟಿದೆ ಎಂದು ಯಂತ್ರ ಹೇಳಿದ್ದೇ ಆ ಏಳು.

ವಾಕ್ಯಕ್ಕೊಮ್ಮೆ ‘ದೂರದೃಷ್ಟಿ’ ಎನ್ನುವ, ಭಾವನವರ ಕಚೇರಿಯ ಮ್ಯಾನೇಜರು ಅವರನ್ನು ಪಕ್ಕಕ್ಕೆ ಕರೆದರು. “ಸಾರ್, ಅವರು ಕೇಳಿರೋದು ಸ್ಕ್ರೀನ್‌ನಲ್ಲಿ ಏನಿತ್ತು ಅಂತ. ಅಷ್ಟಕ್ಕೆ ಸಹಿ ಹಾಕಿ. ಸೋಮವಾರ ಸಮಾರಂಭ ಬೇರೆ ಇದೆ.”

“ಏಳು ಬಂದಿತ್ತಲ್ಲಪ್ಪಾ.”

“ಯಾರು ನೋಡಿದ್ದಾರೆ ಸಾರ್?”

“ಯಾರಿಗೂ ಕಾಣದ ಹಾಗೆ ಮಾಡಿದ್ದೇ ನಾನು.”

ಇದನ್ನು ಭಾವ ವೀರಾವೇಶದಿಂದೇನೂ ಹೇಳಲಿಲ್ಲ. ಆವೇಶಕ್ಕೆ ಬೇಕಾದ ತ್ರಾಣ ಅವರಲ್ಲಿ ಉಳಿದಿರಲಿಲ್ಲ. ಕೂತು ನಾಲ್ಕು ಸಾಲು ಬರೆದರು: ತಪ್ಪು ನನ್ನದು, ಆಕೆ ಹೇಳಿದ್ದು ನಿಜ.

ಶನಿವಾರ ಆಕೆಯ ಫೋನ್ ಬಂತು. “ಕೆಲಸ ಉಳೀತು, ಥ್ಯಾಂಕ್ಸ್ ಹೇಳೋಕೇ ಮಾಡಿದೆ ಸಾರ್. ಆದ್ರೆ ಮೊದಲು ಸ್ವಲ್ಪ ಬೈಬೇಕು.”

“ಬೈಯಮ್ಮಾ,” ಎಂದು ಭಾವ ಕುರ್ಚಿ ಎಳೆದುಕೊಂಡರು. ಹದಿನೈದು ನಿಮಿಷವಾಯಿತು.

ಬಿರುದು ಮುಂದಕ್ಕೆ ಹೋಯಿತು. ಬದಲಿಗೆ, ಇಷ್ಟು ವರ್ಷದಲ್ಲಿ ಅವರು ‘ಖಾಲಿ’ ಎಂದು ಬರೆದ ಜಾಗಗಳನ್ನೆಲ್ಲ ಮತ್ತೆ ನೋಡುವ ಕೆಲಸ ಬಂತು. ಒಟ್ಟು ಮುನ್ನೂರ ಹನ್ನೆರಡು. ದಿನಕ್ಕೆರಡು ಮುಗಿದರೆ ಹೆಚ್ಚು. ಖಾಲಿ ಎಂಬುದನ್ನು ಅಳಿಸಿ ‘ಗೊತ್ತಿಲ್ಲ’ ಎಂದು ಬರೆದು ಪರದೆಗೆ ಬಿಡಬೇಕು. ಸೋಮವಾರ ಇಸ್ತ್ರಿಯ ಹೊಸ ಅಂಗಿಯಲ್ಲೇ ಶುರುಮಾಡಿದರು.

ಮೊನ್ನೆ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಬಂದು ಚೀಲ ಇಟ್ಟರು.

“ಏನ್ರೀ, ಮುಖ ಹೀಗಿದೆ?” ಎಂದಳು ಅಕ್ಕ.

“ಏನಿಲ್ಲ,” ಎಂದರು ಎಂದಿನಂತೆ. ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲಲ್ಲೇ ನಿಂತರು. “ಅಲ್ಲ… ತುಂಬ ಸುಸ್ತಾಗಿದೆ ಕಣೇ. ಬಹಳ ದಿನದಿಂದ.”

“ಅದು ನಮಗೆ ನಿಮ್ಮ ಸ್ಕ್ರೀನ್ ಇಲ್ದೇನೇ ಕಾಣ್ತಿತ್ತು,” ಎಂದು ಅಕ್ಕ ಚೀಲ ಒಳಗೆ ಎತ್ತಿಟ್ಟಳು. “ಹೋಗಿ, ಸ್ವಲ್ಪ ಹೊತ್ತು ಮಲ್ಕೊಳ್ಳಿ.”