ಮಣಿಕಟ್ಟಿನ ಗುಂಡಿ

ಚರ್ಚಾಸ್ಪರ್ಧೆಗೆಂದೇ ಹೊಲಿಸಿದ ನನ್ನ ತುಂಬುತೋಳಿನ ಅಂಗಿಗೆ ಮಣಿಕಟ್ಟಿನಲ್ಲೊಂದು ಬಿಳಿ ಗುಂಡಿಯಿದೆ. ವೇದಿಕೆ ಹತ್ತುವ ಮುನ್ನ ಅದನ್ನು ಹಾಕಿಕೊಂಡರೆ ಎದುರಾಳಿ ಅರ್ಧ ಸೋತಂತೆ ಎಂಬುದು ನನ್ನ ಏಕೈಕ ಮೂಢನಂಬಿಕೆ. ಮಿಕ್ಕಂತೆ, ಪುರಾವೆಯಿಲ್ಲದೆ ಏನನ್ನೂ ಒಪ್ಪುವವನಲ್ಲ ನಾನು.

ನಾನು ಚಿಕ್ಕವನಿದ್ದಾಗ ನಮ್ಮ ಕಂಪ್ಲಿಯ ಕಡೆ, ಕಾಲುವೆ ನೀರು ಗದ್ದೆಗಿಳಿದು ಕೈಯಲ್ಲಿ ಕಾಸಾಡತೊಡಗಿದ ಮೇಲೆ, ನಾಟಿ ಮುಗಿದೊಡನೆ ‘ಶಕ್ತಿ ಸೂಜಿ’ ಹಾಕಿಸಿಕೊಳ್ಳುವುದು ರೂಢಿಯೇ ಆಗಿತ್ತು. ಸೈಕಲ್ಲಿನ ಮೇಲೆ ಬರುತ್ತಿದ್ದ ಡಾಕ್ಟರು ನಮ್ಮ ಕಟ್ಟೆಯ ಮೇಲೆ ಕೂತು, ಒಂದೇ ಗಾಜಿನ ಸಿರಿಂಜನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಓಣಿಗೆಲ್ಲ ಚುಚ್ಚುತ್ತಿದ್ದರು. ಅವ್ವ ತೋಳೊಡ್ಡಿಕೊಂಡೇ ಎದುರುಮನೆಯ ಗೆಳತಿಯನ್ನು ಕೂಗುತ್ತಿದ್ದಳು: “ಬಾರಬೇ ಹುಲಿಗೆಮ್ಮ, ಸೊಂಟ ಹಗುರಾಗತೈತಿ.” ಅರಿಶಿನ-ಕುಂಕುಮಕ್ಕೆ ಕರೆದಷ್ಟೇ ಸಲೀಸಾಗಿ.

ಈಚೆಗೆ ಅದೇ ತೋಳಿನ ರಕ್ತವನ್ನು ಪರೀಕ್ಷಿಸಬೇಕಾಗಿ ಬಂತು. ಅವ್ವನ ಬಿಡದ ದಣಿವನ್ನು ಕಂಡು, ಹಳೆಯ ಸೂಜಿಗಳ ಕಥೆ ಕೇಳಿ, ಹೊಸಪೇಟೆಯ ವೈದ್ಯರೊಬ್ಬರು ಹೆಪಟೈಟಿಸ್ ಸಿ ಇರಬಹುದೆಂದರು. ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಸವೆಸುವ ರೋಗವಂತೆ. ಆದರೆ ಆ ಪರೀಕ್ಷೆಗೆ ನಮ್ಮೂರ ಆಸ್ಪತ್ರೆಯ ಹಿಂಬದಿಯಲ್ಲಿ ಏಡ್ಸ್, ಗುಪ್ತರೋಗಗಳ ಪರೀಕ್ಷೆ ನಡೆಯುವ ಹಸಿರು ಪರದೆಯ ಕೋಣೆಗೇ ಹೋಗಬೇಕು, ಮತ್ತು ಅಲ್ಲಿಗೆ ಹೋದವರ ನಡತೆಯನ್ನು ಹೊರಗೆ ಕೂತವರೇ ತೀರ್ಮಾನಿಸಿಬಿಡುತ್ತಾರೆ. ನೀವೇ ಹೇಳಿ, ಕಟ್ಟೆಯ ಮೇಲೆ ನಾಲ್ಕು ಜನರೆದುರು ಬಂದ ಕಾಯಿಲೆಗೆ ಕಳ್ಳಬಾಗಿಲೇಕೆ? ಬಿಪಿ ನೋಡುವ, ಮಲೇರಿಯಾಕ್ಕೆ ಬೆರಳು ಚುಚ್ಚುವ, ಕೂಸುಗಳಿಗೆ ಲಸಿಕೆ ಹಾಕುವ ಮೇಜಿನ ಬಳಿಯೇ ಈ ರಕ್ತವನ್ನೂ ತೆಗೆದು, ತಿಳಿವಳಿಕೆಯ ನಾಲ್ಕು ಮಾತನ್ನು ಅಲ್ಲೇ ಆಡಿದರೆ ಯಾರ ಮಾನ ಹೋದೀತು? ಈ ವಾದಕ್ಕೆ ಬಹುಮಾನ ಖಚಿತ, ಬಲ್ಲೆ.

ಅವ್ವ ಪರದೆಯಾಚೆ ಹೋಗಿ, ಮೊಳಕೈ ಸಂದಿಗೆ ಹತ್ತಿಯೊತ್ತಿಕೊಂಡು ಹೊರಬಂದಾಗ ಎದುರಿನ ಬೆಂಚಿನ ಮೇಲೆ, ಮೊಮ್ಮಗಳ ಲಸಿಕೆಗೆಂದು ಬಂದ ಅದೇ ಹುಲಿಗೆಮ್ಮ.

“ಯಾಕಬೇ, ಆ ಪರದಿ ಹಿಂದಿಂದ ಬಂದಿ?”

“ಸಕ್ಕರಿ ಪರೀಕ್ಷೆ,” ಎಂದೆ ನಾನು, ಪುರಾವೆಯ ಮನುಷ್ಯ.

“ಸುಳ್ಳ್ಯಾಕ ಹೇಳತಿಲೇ?” ಎಂದಳು ಅವ್ವ. “ಕಟ್ಟಿ ಮ್ಯಾಗಿನ ಸೂಜಿದು ಹುಲಿಗೆಮ್ಮ. ನೀನೂ ಮಾಡಿಸ್ಕೊ. ಅವತ್ತು ನಾನ ಕರದಿದ್ದೆ.”

ಹುಲಿಗೆಮ್ಮ ಸೆರಗನ್ನು ತೋಳಿನ ಮೇಲೆಳೆದುಕೊಂಡು ಅತ್ತ ಸರಿದು ಕೂತಳು. ಅವ್ವ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ನಿನಗೂ ಹಾಕಿಸಿದ್ದೆನಪ್ಪ,” ಎಂದಳು.

ನಿಜ. ಆಮೇಲೆ ಸಿಗುವ ಬೆಲ್ಲದ ಆಸೆಗೆ ನಾನೂ ಆ ಸಾಲಿನಲ್ಲಿ ತೋಳೊಡ್ಡಿ ನಿಂತಿದ್ದೆ. ಪರದೆ ಅಲ್ಲೇ ಗಾಳಿಗೆ ಅಲುಗುತ್ತಿತ್ತು. ಬೆಂಚಿನವರೆಲ್ಲ ಚರ್ಚೆಯ ಅಂಗಿ ತೊಟ್ಟು ನಿಂತ ನನ್ನನ್ನೇ ನೋಡುತ್ತಿದ್ದಂತಿತ್ತು. ನನ್ನ ವಾದದಲ್ಲಿ ಈಗಲೂ ಒಂದು ತಪ್ಪೂ ಕಾಣುವುದಿಲ್ಲ. ಅವ್ವನ ಫಲಿತಾಂಶಕ್ಕೆ ಕಾಯುತ್ತಿದ್ದೇವೆ. ನನ್ನ ಮಣಿಕಟ್ಟಿನ ಗುಂಡಿಯನ್ನು ಅಂದಿನಿಂದ ಬೆರಳಲ್ಲಿ ಹಿಡಿದು ತಿರುಗಿಸುತ್ತಲೇ ಇದ್ದೇನೆ, ಪರೀಕ್ಷೆಗೆ ತೋಳೇರಿಸಲು ಇನ್ನೂ ಬಿಚ್ಚಿಲ್ಲ.